ಕೂಸಿನ ಮೊದಲ ನಿಮಿಷಕ್ಕೆ ಗಡಿ ಇಲ್ಲ

ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕೆಂಬುದು ಗಡಿನಾಡಿನ ಹಳೇ ಪದ್ಧತಿ. ಇಂಡಿ, ವಿಜಯಪುರದ ಕಡೆ ಕೊಟ್ಟ ಮಗಳು ಬಾಣಂತನಕ್ಕೆ ಜತ್ತ, ಅಕ್ಕಲಕೋಟೆಗೆ ಬರುತ್ತಾಳೆ. ಇಲ್ಲಿನ ಸೊಸೆ ಆಳಂದ, ಅಫಜಲಪುರಕ್ಕೆ ಹೋಗುತ್ತಾಳೆ. ತಪಾಸಣೆ ಒಂದು ರಾಜ್ಯದಲ್ಲಿ, ಹೆರಿಗೆ ಇನ್ನೊಂದರಲ್ಲಿ. ಆದ್ದರಿಂದ ಹೆರಿಗೆ ಕೋಣೆಯ ಸಿಸ್ಟರ್ ಕೈ ಎಷ್ಟು ಪಳಗಿದೆ ಎಂಬುದು ಎರಡೂ ಕಡೆಯವರ ಪ್ರಶ್ನೆ.

ಹುಟ್ಟುವ 10 ಕೂಸುಗಳಲ್ಲಿ ಸುಮಾರು ಒಂದಕ್ಕೆ ಉಸಿರಾಟ ಶುರುವಾಗಲು ಸಹಾಯ ಬೇಕು. ಹೆಚ್ಚಿನವಕ್ಕೆ ಒಣ ಬಟ್ಟೆಯಿಂದ ಒರೆಸಿ, ಬೆಚ್ಚಗಿಟ್ಟು, ಬೆನ್ನು ತಿಕ್ಕಿದರೆ ಸಾಕು. ಅಷ್ಟಕ್ಕೂ ಉಸಿರಾಡದಿದ್ದರೆ ಹುಟ್ಟಿದ ಒಂದು ನಿಮಿಷದೊಳಗೆ ಬ್ಯಾಗ್-ಮಾಸ್ಕ್‌ನಿಂದ ಗಾಳಿ ಕೊಡಬೇಕು. ಕೈಯಿಂದ ಒತ್ತುವ ಆ ಚೀಲಕ್ಕೆ ಕರೆಂಟೂ ಬೇಡ. ತಲೆಕೆಳಗೆ ಹಿಡಿದು ಬಡಿಯುವ ಹಳೇ ಚಾಳಿಯಿಂದ ಹೊತ್ತು ಹೋಗುತ್ತದೆ, ಕೂಸಿಗೆ ಪೆಟ್ಟೂ ಆದೀತು. ಆಂಬುಲೆನ್ಸ್ ಬರುವ ತನಕ ಕೂಸು ಕಾಯುವುದಿಲ್ಲ.

ತರಬೇತಿ ಇಲ್ಲವೆಂದಲ್ಲ. ಕೇಂದ್ರ ಸರಕಾರ 2009ರಲ್ಲೇ ನವಜಾತ ಶಿಶು ಸುರಕ್ಷಾ ಕಾರ್ಯಕ್ರಮ ಆರಂಭಿಸಿ, ಎರಡು ದಿನಗಳ ತರಬೇತಿ ಜಾರಿಗೆ ತಂದಿತು. ಅದರ ಫಲ ಏನೆಂಬುದಕ್ಕೆ ಪಕ್ಕದಲ್ಲೇ ಸಾಕ್ಷಿಯಿದೆ. ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನ ಸಂಶೋಧಕರ ತಂಡ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕರ್ನಾಟಕದ 599 ಹೆರಿಗೆ ಸಿಬ್ಬಂದಿಗೆ ಇಂಥದೇ ತರಬೇತಿ ಕೊಟ್ಟ ಮೇಲೆ ಸತ್ತು ಹುಟ್ಟಿದವೆಂದು ದಾಖಲಾಗುವ ಶಿಶುಗಳ ಪ್ರಮಾಣ ಶೇ. 3ರಿಂದ 2.3ಕ್ಕೆ ಇಳಿಯಿತು. ಅಂದರೆ ‘ಸತ್ತೇ ಹುಟ್ಟಿತು’ ಎಂದು ಬಟ್ಟೆ ಸುತ್ತಿಟ್ಟ ಕೂಸುಗಳಲ್ಲಿ ಕೆಲವಕ್ಕೆ ಜೀವ ಇದ್ದಿರಬಹುದು. ಉಸಿರು ಕೊಡುವ ಕೈ ಇರಲಿಲ್ಲ, ಅಷ್ಟೇ.

ಆದರೆ ಒಮ್ಮೆ ಕಲಿತು ಪ್ರಮಾಣಪತ್ರ ಗೋಡೆಗೆ ಹಾಕಿದರೆ ಮುಗಿಯಲಿಲ್ಲ. ಬಳಸದ ಕುಡಗೋಲಿಗೆ ತುಕ್ಕು ಹಿಡಿದಂತೆ, ರೂಢಿ ತಪ್ಪಿದರೆ ಕೆಲವೇ ತಿಂಗಳಲ್ಲಿ ಕೈ ಮರೆಯುತ್ತದೆ. ಹೆರಿಗೆ ಕಡಿಮೆ ಇರುವ ಸಣ್ಣ ಕೇಂದ್ರಗಳಲ್ಲಿ ಈ ಭಯ ಜಾಸ್ತಿ. ಸಿಬ್ಬಂದಿ ಕೊರತೆ, ದಾಖಲೆ ಬರೆಯುವ ಹೊರೆ ಇರುವುದು ನಿಜ. ಆದರೂ ವಾರಕ್ಕೆ ಹತ್ತು ನಿಮಿಷ ಗೊಂಬೆಯ ಮೇಲೆ ಅಭ್ಯಾಸ, ಪಾಳಿ ಬದಲಾದಾಗೆಲ್ಲ ಬ್ಯಾಗ್-ಮಾಸ್ಕ್ ಪರೀಕ್ಷೆ, ಇಷ್ಟಕ್ಕೆ ದೊಡ್ಡ ಖರ್ಚೇನಿಲ್ಲ.

ಇದನ್ನು ಮಹಾರಾಷ್ಟ್ರದ ರುಗ್ಣ ಕಲ್ಯಾಣ ಸಮಿತಿಗಳೂ ಕರ್ನಾಟಕದ ಆರೋಗ್ಯ ರಕ್ಷಾ ಸಮಿತಿಗಳೂ ಕಡ್ಡಾಯ ಮಾಡಬೇಕು. ಮನೆಯವರೂ ಸುಮ್ಮನಿರಬಾರದು. ದಿನ ತುಂಬುವ ಮೊದಲೇ ಹೋಗಿ, ‘ಕೂಸು ಅಳಲಿಲ್ಲಂದ್ರ ಯಾರು ನೋಡ್ತಾರ್ರಿ? ಬ್ಯಾಗ್-ಮಾಸ್ಕ್ ಐತೇನ್ರಿ?’ ಎಂದು ಕೇಳಬೇಕು. ಕನ್ನಡದಲ್ಲಿ ಕೇಳಿದರೂ ಸರಿ, ಮರಾಠಿಯಲ್ಲಿ ಕೇಳಿದರೂ ಸರಿ. ಕೇಳುವವರಿದ್ದರೆ ಅಭ್ಯಾಸ ತಪ್ಪುವುದಿಲ್ಲ.