ಕಂಡದ್ದನ್ನು ಬರೆದಿಡುವ ಕರ್ತವ್ಯ

ಪ್ರಿಯ ಹಳೆಯ ವಿದ್ಯಾರ್ಥಿನಿಯರೇ, ಪಾಲಕರೇ,

ಸ್ಮರಣ ಸಂಚಿಕೆಯಲ್ಲಿ ಮುಖ್ಯಾಧ್ಯಾಪಿಕೆಯು ಪರೀಕ್ಷೆಯ ಫಲಿತಾಂಶವನ್ನೂ ಕಟ್ಟಡದ ನಿಧಿಯನ್ನೂ ಕುರಿತು ಬರೆಯುವದು ವಾಡಿಕೆ. ಈ ಸಲ ನಾನು ನಮ್ಮ ಗಣಕಯಂತ್ರದ ಕೋಣೆಯ ಮೂಲೆಯಲ್ಲಿ ದೀಪವಿಲ್ಲದೆ ಕುಳಿತಿರುವ ಒಂದು ರೌಟರಿನ ವಿಷಯವನ್ನು ಹೇಳಬಯಸುತ್ತೇನೆ. ಅದು ಕೆಟ್ಟದ್ದರಲ್ಲಿ ನನ್ನ ಬೋಧನೆಯ ಪಾಲೂ ಉಂಟು.

ರೌಟರೆಂದರೆ ಇಂಟರ್ನೆಟ್ಟನ್ನು ಮನೆಯ ಎಲ್ಲ ಮೊಬೈಲುಗಳಿಗೂ ಗಣಕಯಂತ್ರಗಳಿಗೂ ಹಂಚಿಕೊಡುವ ಪೆಟ್ಟಿಗೆಯೆಂಬದು ತಮಗೆ ತಿಳಿದದ್ದೇ. ಅದರೊಳಗೆ ನೆಲಸಿ ಅದನ್ನು ನಡೆಸುವ ತಂತ್ರಾಂಶಕ್ಕೆ ಫರ್ಮ್‌ವೇರ್ ಎಂದು ಹೆಸರು. ಕೆಲವು ವರ್ಷಗಳಾದ ಬಳಿಕ ತಯಾರಕರು ಹಳೆಯ ಮಾದರಿಗಳ ಫರ್ಮ್‌ವೇರನ್ನು ತಿದ್ದುವದನ್ನು ನಿಲ್ಲಿಸುತ್ತಾರೆ. ಆಗ ಯಂತ್ರವು ಗಟ್ಟಿಯಾಗಿದ್ದರೂ ಅದರ ರಕ್ಷಣೆಯು ಸಡಿಲವಾಗುವದು. 2004ರಲ್ಲಿ ಆರಂಭವಾದ ಓಪನ್‌ಡಬ್ಲ್ಯುಆರ್‌ಟಿ ಎಂಬ ಮುಕ್ತ ಫರ್ಮ್‌ವೇರ್ ಇಂಥ ಅನೇಕ ಯಂತ್ರಗಳ ಆಯುಷ್ಯವನ್ನು ಬೆಳೆಸಿದೆ. ಅದನ್ನು ನಡೆಸುವವರು ಬಹುಮಟ್ಟಿಗೆ ಸ್ವಯಂಸೇವಕರು. ಅವರು ಒಂದು ವಿಕಿಯನ್ನು, ಎಂದರೆ ಓದುವವರೇ ಸೇರಿ ತಿದ್ದಬಹುದಾದ ಗ್ರಂಥವನ್ನು, ಇಟ್ಟಿದ್ದಾರೆ. ಯಾವ ರೌಟರಿನಲ್ಲಿ ಯಾವ ಚಿಪ್ಪು, ಎಷ್ಟು ಸ್ಮೃತಿ, ಹೊಸ ಫರ್ಮ್‌ವೇರನ್ನು ಹೇಗೆ ಹಾಕುವದು, ಕೆಟ್ಟರೆ ಹೇಗೆ ಎಬ್ಬಿಸುವದು, ಇವೆಲ್ಲ ಅದರಲ್ಲಿ ಸಿಕ್ಕುವವು.

ಈಗ ನಮ್ಮ ಕಥೆ. ಮೂರು ವರ್ಷಗಳ ಹಿಂದೆ ಬ್ಯಾಡಗಿಯ ಕಡೆಯ ಒಬ್ಬ ಹಳೆಯ ವಿದ್ಯಾರ್ಥಿನಿಯು ರಜೆಯಲ್ಲಿ ಬಂದು, ಶಾಲೆಯ ಹಳೆಯ ರೌಟರಿಗೆ ಈ ಫರ್ಮ್‌ವೇರನ್ನು ಹಾಕಿದಳು. ನಡುವೆ ಯಂತ್ರವು ಸ್ತಬ್ಧವಾಯಿತು. ಅವಳು ಅರ್ಧ ದಿನ ಹೆಣಗಿ, ತಂತಿ ಜೋಡಿಸಿ, ರೀಸೆಟ್ ಗುಂಡಿಯನ್ನು ಒತ್ತಿ ಹಿಡಿದು ವಿದ್ಯುತ್ತು ಕೊಟ್ಟು, ಗಣಕಯಂತ್ರದಿಂದ ಕಡತವನ್ನು ಕಳುಹಿಸಿ ಅದನ್ನು ಎಬ್ಬಿಸಿದಳು. ನಾವೆಲ್ಲರೂ ಚಪ್ಪಾಳೆ ತಟ್ಟಿದೆವು. ಆದರೆ ಒಬ್ಬರೂ ಒಂದು ಸಾಲನ್ನು ಬರೆದಿಡಲಿಲ್ಲ. ಅವಳು ಉದ್ಯೋಗಕ್ಕಾಗಿ ದೂರದ ಊರಿಗೆ ಹೋದಳು. ಮುಂದಿನ ವರ್ಷ ರಾಣೆಬೆನ್ನೂರಿನ ಪಾಲಕರೊಬ್ಬರು ಅದೇ ಹೆಸರಿನ ಇನ್ನೊಂದು ರೌಟರನ್ನು ದಾನವಾಗಿ ಕೊಟ್ಟರು. ಒಂಬತ್ತನೆಯ ತರಗತಿಯ ಹುಡುಗಿಯರು ಹಿಂದೆ ಕಂಡದ್ದನ್ನು ನೆನಪಿನಿಂದಲೇ ಮಾಡಿದರು. ದೀಪಗಳು ಆರಿದವು, ಮರಳಿ ಹತ್ತಲಿಲ್ಲ.

ನಾನು ಆಕೆಗೆ ಫೋನು ಮಾಡಿದೆನು. "ಅಕ್ಕೋರೇ, ತಳದ ಚೀಟಿಯಲ್ಲಿ ಆವೃತ್ತಿಯ ಸಂಖ್ಯೆಯನ್ನು ನೋಡಿದಿರೇನು?" ಎಂದಳು. ನೋಡಿರಲಿಲ್ಲ, ಅದು ಬೇರೆಯಾಗಿತ್ತು. ನೀನು ಕಂಡದ್ದನ್ನು ವಿಕಿಯಲ್ಲಿಯಾದರೂ ಏಕೆ ಬರೆಯಲಿಲ್ಲವೆಂದು ಕೇಳಿದೆನು. "ಪೂರ್ಣವಾಗಿ ತಿಳಿಯದ್ದನ್ನು ಬರೆಯಬಾರದೆಂದು ನೀವೇ ಕಲಿಸಿದ್ದಿರಲ್ಲ" ಎಂದಳು. ಆ ಮಾತು ನನಗೆ ನಾಟಿತು.

ಹೆಸರೊಂದರಿಂದಲೇ ವಸ್ತುವು ತಿಳಿಯುವದಿಲ್ಲವೆಂಬದು ನಮ್ಮ ಸೀಮೆಯವರಿಗೆ ಹೊಸದಲ್ಲ. ಬ್ಯಾಡಗಿ ಮೆಣಸಿನಕಾಯಿ ಎಂದರೆ ಸಾಲದು. ಡಬ್ಬಿಯೋ ಕಡ್ಡಿಯೋ ಎಂದು ಕೇಳುತ್ತಾರೆ. ರೌಟರಿನ ಸಂಗತಿಯೂ ಹಾಗೆಯೇ. ಓಪನ್‌ಡಬ್ಲ್ಯುಆರ್‌ಟಿಗೆ ಮೂಲವಾದ ಲಿಂಕ್‌ಸಿಸ್ ಕಂಪನಿಯ ಡಬ್ಲ್ಯುಆರ್‌ಟಿ54ಜಿ ಎಂಬ ಯಂತ್ರದ 4ನೆಯ ಆವೃತ್ತಿಯಲ್ಲಿ 4 ಎಂಬಿ ಫ್ಲ್ಯಾಶ್ ಸ್ಮೃತಿಯೂ 16 ಎಂಬಿ ರ‍್ಯಾಮ್ ಸ್ಮೃತಿಯೂ ಇದ್ದವು. 2005ರಲ್ಲಿ ಬಂದ 5ನೆಯ ಆವೃತ್ತಿಯಲ್ಲಿ ಅವು 2 ಮತ್ತು 8 ಎಂಬಿಗೆ ಇಳಿದವು. ಲಿನಕ್ಸಿನ ಸ್ಥಾನದಲ್ಲಿ ಬೇರೊಂದು ವ್ಯವಸ್ಥೆಯು ಬಂದಿತು. ಹೆಸರು ಮಾತ್ರ ಅದೇ. ಒಂದಕ್ಕೆ ಒಪ್ಪುವ ಉಪದೇಶವು ಇನ್ನೊಂದಕ್ಕೆ ಮಾರಕವಾಗಬಹುದು.

ತಪ್ಪು ಬರಹವು ಬರಹವಿಲ್ಲದ್ದಕ್ಕಿಂತ ಕೆಟ್ಟದ್ದಲ್ಲವೇ ಎಂದು ಕೆಲವರು ಕೇಳಬಹುದು. ಊಹೆಯನ್ನು ಸತ್ಯವೆಂದು ಬರೆದರೆ ನಿಶ್ಚಯವಾಗಿಯೂ ಕೆಟ್ಟದ್ದೇ. ಆದರೆ ಮೌನವು ಅದಕ್ಕೆ ಮದ್ದಲ್ಲ. ಕಂಡಷ್ಟನ್ನೇ ಬರೆಯುವದು ಮದ್ದು. ರಾಣೆಬೆನ್ನೂರಿನ ಪೇಟೆಯಲ್ಲಿ ಬೀಜ ಕೊಳ್ಳುವ ರೈತನು ಚೀಲದ ಮೇಲೆ ಲಾಟ್ ನಂಬರನ್ನೂ ಪರೀಕ್ಷೆಯ ತಾರೀಖನ್ನೂ ನೋಡುತ್ತಾನೆ. ವಿಕಿಯ ಪುಟಕ್ಕೂ ಅಂಥ ಚೀಟಿ ಬೇಕು. ಯಂತ್ರದ ಮಾದರಿ ಮತ್ತು ಆವೃತ್ತಿ, ಹಾಕಿದ ಫರ್ಮ್‌ವೇರಿನ ಆವೃತ್ತಿ, ಮಾಡಿದ ದಿನ, ಅನುಕ್ರಮವಾಗಿ ಮಾಡಿದ ಕೆಲಸ, ದೊರೆತ ಫಲ, ಇವು ಐದಿರಲಿ. ಫಲವು ಸೋಲಾಗಿದ್ದರೆ ಸೋಲೆಂದೇ ಬರೆಯಿರಿ. ಅದನ್ನೋದಿ ಇನ್ನೊಬ್ಬಳ ಯಂತ್ರವು ಉಳಿಯುವದು. ಹಳೆಯ ಬರಹವನ್ನು ಅಳಿಸುವ ಮೊದಲು, ಅದು ಬೇರೆ ಆವೃತ್ತಿಗೆ ಸೇರಿದ್ದೋ ಎಂದು ನೋಡಿರಿ. ಹರಟೆಯ ನಡುವೆ ಹುದುಗಿಹೋದ ಉತ್ತರವನ್ನು ತಂದು ಪುಟದಲ್ಲಿ ಅದರ ಸ್ಥಳಕ್ಕೆ ಸೇರಿಸುವದೂ ದೊಡ್ಡ ಉಪಕಾರವೇ.

ಇದು ಹೆಣ್ಣುಮಕ್ಕಳಿಗೆ ತಕ್ಕ ಕೆಲಸವೇ ಎಂದು ತಾಯಿಯೊಬ್ಬರು ನನ್ನನ್ನು ಕೇಳಿದರು. ಅಮ್ಮಾ, ಮನೆಯ ಲೆಕ್ಕವನ್ನು ತಾರೀಖು ಸಹಿತ ಬರೆಯುವ ಕೈಗೆ ಇದು ಕಷ್ಟವಲ್ಲ. ನಮ್ಮ ಹುಡುಗಿಯರು ವಿವಾಹವಾಗಿಯೋ ಉದ್ಯೋಗಕ್ಕಾಗಿಯೋ ಊರು ಬಿಡುತ್ತಾರೆ. ಅವರ ತಿಳಿವಳಿಕೆಯೂ ಅವರೊಡನೆ ಹೊರಟುಹೋಗುವದು. ಬರೆದಿಟ್ಟರೆ ಅದು ಹಾವೇರಿಯಲ್ಲಿಯೂ ಉಳಿಯುವದು, ಹೊರದೇಶದಲ್ಲಿಯೂ ಸಿಕ್ಕುವದು.

ಆದುದರಿಂದ ನನ್ನ ಬೇಡಿಕೆಯು ಚಿಕ್ಕದು. ಈ ಸಂಚಿಕೆಯನ್ನು ಓದಿದ ದಿನವೇ ತಮ್ಮ ಮನೆಯ ರೌಟರನ್ನು ತಿರುವಿ ತಳದ ಚೀಟಿಯನ್ನು ಓದಿರಿ. ವಿಕಿಯಲ್ಲಿ ಅದರ ಪುಟವನ್ನು ಹುಡುಕಿರಿ. ತಾವು ನಿಜವಾಗಿ ಕಂಡದ್ದು ಅಲ್ಲಿಲ್ಲವಾದರೆ ಖಾತೆ ತೆರೆದು ಒಂದು ಸಾಲನ್ನು ಸೇರಿಸಿರಿ. ಶಾಲೆಗೂ ಕನ್ನಡದಲ್ಲಿ ಒಂದು ಪ್ರತಿಯನ್ನು ಕಳುಹಿಸಿರಿ. ನಾವು ಅದಕ್ಕಾಗಿ ಒಂದು ವಹಿಯನ್ನು ತೆರೆದಿದ್ದೇವೆ. ಅದರ ಮೊದಲನೆಯ ಪುಟದಲ್ಲಿ ನಮ್ಮ ಸೋಲನ್ನೇ ತಾರೀಖು ಸಹಿತ ಬರೆದಿದ್ದೇನೆ. ಎರಡನೆಯ ಪುಟವು ತಮ್ಮದಾಗಲಿ.

ತಮ್ಮ ಹಿತೈಷಿಣಿ,
ಮುಖ್ಯಾಧ್ಯಾಪಿಕೆ