ದನ ಮೇಯುವ ನೆಲ, ಅದನ್ನು ಉಳಿಸುವ ಚಿತ್ರ

ಅಮೆರಿಕದ ಪಶ್ಚಿಮ ರಾಜ್ಯಗಳಲ್ಲಿ ದನ ಸಾಕುವ ವಿಶಾಲ ಜಮೀನಿಗೆ ರ‍್ಯಾಂಚ್ ಎಂದು ಹೆಸರು. ಕೊಲರಾಡೊ, ವಯೋಮಿಂಗ್, ಮೊಂಟಾನಾ, ಅರಿಜೋನಾ, ಕ್ಯಾಲಿಫೋರ್ನಿಯಾಗಳ ಕಣಿವೆಗಳಲ್ಲಿ ಇವು ಸಾವಿರಾರು ಎಕರೆ ಹರಡಿಕೊಂಡಿವೆ. ಕರ್ನಾಟಕದ ಅಮೃತಮಹಲ್ ಕಾವಲುಗಳು ಸರ್ಕಾರದ ಸ್ವತ್ತು. ಅಮೆರಿಕದಲ್ಲಿ ಹಾಗಲ್ಲ, ಹೊಳೆ ಬದಿಯ, ನೀರಿನ ಆಸರೆಯಿರುವ ಒಳ್ಳೆಯ ನೆಲ ಬಹುಪಾಲು ಕುಟುಂಬಗಳ ಕೈಯಲ್ಲಿದೆ. ಎಷ್ಟೋ ಕಡೆ ಬೇಸಿಗೆಯಲ್ಲಿ ದನಗಳು ಪರವಾನಗಿಯ ಮೇಲೆ ಸರ್ಕಾರಿ ಬೆಟ್ಟಗಳಲ್ಲಿ ಮೇಯುತ್ತವೆ, ಚಳಿಗಾಲದ ಮೇವು ಕೆಳಗಿನ ಸ್ವಂತ ಜಮೀನಿನಲ್ಲಿ ಬೆಳೆಯುತ್ತದೆ. ಹಿಮ ಬಿದ್ದಾಗ ಎಲ್ಕ್ ಜಿಂಕೆಗಳು ಇಳಿದು ಬರುವುದೂ ಈ ಕೆಳಗಿನ ನೆಲಕ್ಕೇ. ಹೀಗಾಗಿ ಒಂದು ರ‍್ಯಾಂಚ್ ಮಾರಾಟವಾದರೆ ಒಂದು ಮನೆತನದ ಕಸುಬಿನ ಜೊತೆಗೆ ಸುತ್ತಲಿನ ಕಾಡುಪ್ರಾಣಿಗಳ ಚಳಿಗಾಲದ ನೆಲೆಯೂ ಹೋಗುತ್ತದೆ.

ಮಾರಾಟಕ್ಕೆ ಕಾರಣ ಸರಳ. ಬೆಟ್ಟದ ನೋಟವಿರುವ ಜಮೀನಿಗೆ ಮನೆ ಕಟ್ಟುವವರು ಕೊಡುವ ಬೆಲೆ ದನ ಸಾಕಿ ಗಳಿಸುವ ಆದಾಯಕ್ಕೆ ಎಟುಕುವಂಥದ್ದಲ್ಲ. ಹಿರಿಯರು ತೀರಿಕೊಂಡು ಆಸ್ತಿ ಪಾಲಾಗುವಾಗ ಮಾರುವ ಒತ್ತಡ ಇನ್ನೂ ಹೆಚ್ಚುತ್ತದೆ. ಕೊಲರಾಡೊದ 1972ರ ಕಾನೂನು 35 ಎಕರೆ ಅಥವಾ ಅದಕ್ಕಿಂತ ದೊಡ್ಡ ತುಂಡುಗಳನ್ನು ಕೌಂಟಿಯ (ಜಿಲ್ಲಾಡಳಿತದ) ಬಡಾವಣೆ ನಿಯಮಗಳಿಂದ ಹೊರಗಿಟ್ಟಿತು. ಅದರ ಫಲವಾಗಿ ಹಳೆಯ ಹುಲ್ಲುಗಾವಲುಗಳು 35 ಎಕರೆಯ ತುಂಡುಗಳಾಗಿ ಒಡೆದವು. ಪ್ರತಿ ತುಂಡಿಗೂ ಒಂದು ಮನೆ, ಒಂದು ರಸ್ತೆ, ಒಂದು ಬೇಲಿ ಬಂದ ಮೇಲೆ ಅಲ್ಲಿ ದನದ ಹಿಂಡು ತಿರುಗಾಡಲಾರದು.

ಇದನ್ನು ತಡೆಯಲು ಬಳಕೆಯಲ್ಲಿರುವ ಮುಖ್ಯ ಸಾಧನ ಕನ್ಸರ್ವೇಶನ್ ಈಸ್‌ಮೆಂಟ್ ಎಂಬ ಕರಾರು. ಮಾಲೀಕರು ಜಮೀನನ್ನು ತಮ್ಮಲ್ಲೇ ಉಳಿಸಿಕೊಂಡು, ಅದನ್ನು ತುಂಡು ಮಾಡಿ ಮನೆ ಕಟ್ಟಿಸುವ ಹಕ್ಕನ್ನು ಮಾತ್ರ ನೆಲ ಉಳಿಸಲೆಂದೇ ಇರುವ ಒಂದು ಲ್ಯಾಂಡ್ ಟ್ರಸ್ಟಿಗೆ ದಾನವಾಗಿಯೋ ಬೆಲೆಗೋ ಬಿಟ್ಟುಕೊಡುತ್ತಾರೆ. ಸಾಮಾನ್ಯವಾಗಿ ಈ ಕರಾರು ಶಾಶ್ವತವಾದದ್ದು. ಮುಂದೆ ಜಮೀನು ಯಾರ ಕೈ ಸೇರಿದರೂ ಅವರು ಅದಕ್ಕೆ ಬದ್ಧರು. 1995ರಲ್ಲಿ ಕೊಲರಾಡೊದ ದನ ಸಾಕಣೆಗಾರರು, 1998ರಲ್ಲಿ ಕ್ಯಾಲಿಫೋರ್ನಿಯಾದವರು ಇದಕ್ಕಾಗಿ ತಮ್ಮದೇ ಟ್ರಸ್ಟ್‌ಗಳನ್ನು ಕಟ್ಟಿಕೊಂಡರು. ಆದರೆ ಹಕ್ಕುಗಳನ್ನು ಕೊಳ್ಳಲು ಬೇಕಾದ ದೊಡ್ಡ ಮೊತ್ತದಲ್ಲಿ ಸಾರ್ವಜನಿಕರ ಹಣದ ಪಾಲು ಹೆಚ್ಚು. ಅಂಥ ನೆಲವನ್ನು ಎಂದೂ ಕಾಣದ ನಗರವಾಸಿ ಅದಕ್ಕೆ ಒಪ್ಪಬೇಕಾದರೆ ಆ ನೆಲ ಅವನ ಕಣ್ಣಿಗೆ ಬೀಳಬೇಕು. ಛಾಯಾಗ್ರಹಣದ ಕೆಲಸ ಇಲ್ಲಿ ಶುರುವಾಗುತ್ತದೆ.

ಚಿತ್ರ ತೋರಿಸಿ ನೆಲ ಉಳಿಸುವ ಪರಂಪರೆ ಆ ದೇಶದಲ್ಲಿ ಹಳೆಯದು. ಕಾರ್ಲ್‌ಟನ್ ವಾಟ್ಕಿನ್ಸ್ 1861ರಲ್ಲಿ ಯೋಸೆಮಿಟಿ ಕಣಿವೆಯಲ್ಲಿ ತೆಗೆದ ದೊಡ್ಡ ಗಾತ್ರದ ಚಿತ್ರಗಳು, 1864ರಲ್ಲಿ ಲಿಂಕನ್ ಸಹಿ ಹಾಕಿದ ಯೋಸೆಮಿಟಿ ಕಾನೂನಿಗೆ ಹಿನ್ನೆಲೆ ಒದಗಿಸಿದವು. ವಿಲಿಯಂ ಹೆನ್ರಿ ಜಾಕ್ಸನ್ 1871ರಲ್ಲಿ ತೆಗೆದ ಯೆಲ್ಲೊಸ್ಟೋನ್ ಚಿತ್ರಗಳನ್ನು ಕಂಡ ಸಂಸತ್ತು ಮರುವರ್ಷವೇ ಅದನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಿತು. ಆನ್ಸೆಲ್ ಆಡಮ್ಸ್ ಅವರ ಸಿಯೆರಾ ನೆವಾಡಾ ಚಿತ್ರಗಳು 1940ರಲ್ಲಿ ಕಿಂಗ್ಸ್ ಕ್ಯಾನ್ಯನ್ ಉದ್ಯಾನ ಸ್ಥಾಪನೆಯಾಗಲು ನೆರವಾದವು.

ಈ ಪರಂಪರೆಯ ಜೊತೆಗೇ ಒಂದು ಕೊರತೆಯೂ ಬೆಳೆದು ಬಂದಿತು. ಪ್ರಸಿದ್ಧವಾದ ಚಿತ್ರಗಳಲ್ಲಿ ಬಹುಪಾಲು ನಿರ್ಜನ ನೆಲದವು. ತಲೆಮಾರುಗಳಿಂದ ಅಲ್ಲೇ ಬಾಳಿದ ಮೂಲನಿವಾಸಿಗಳೂ ಅವುಗಳಲ್ಲಿ ಕಾಣುವುದು ಅಪರೂಪ. ಮನುಷ್ಯರ ಸುಳಿವಿಲ್ಲದ ನೆಲವೇ ಉಳಿಸಲು ತಕ್ಕದ್ದೆಂಬ ನಂಬಿಕೆ ನೋಡುಗರಲ್ಲಿ ಬೇರೂರಿತು. ವಯೋಮಿಂಗ್‌ನ ಮಾರ್ಮನ್ ರೋ ಎಂಬಲ್ಲಿ ಗ್ರಾಂಡ್ ಟೀಟನ್ ಶಿಖರಗಳ ಎದುರು ನಿಂತಿರುವ ಮೌಲ್ಟನ್ ಕೊಟ್ಟಿಗೆಯನ್ನು ಇಂದು ಲೆಕ್ಕವಿಲ್ಲದಷ್ಟು ಕ್ಯಾಮೆರಾಗಳು ಸೆರೆಹಿಡಿಯುತ್ತವೆ. ಅದನ್ನು ಕಟ್ಟಿ ಉತ್ತು ಬಿತ್ತಿದ ಕುಟುಂಬಗಳ ಜಮೀನು ಅಲ್ಲಿನ ರಾಷ್ಟ್ರೀಯ ಉದ್ಯಾನಕ್ಕೆ ಸೇರಿಹೋಯಿತು. ಕೊಟ್ಟಿಗೆ ಉಳಿಯಿತು, ಕಸುಬು ಉಳಿಯಲಿಲ್ಲ.

ಆದ್ದರಿಂದ ರ‍್ಯಾಂಚ್ ಉಳಿಸಬೇಕೆನ್ನುವ ಚಿತ್ರ ಅಲ್ಲಿನ ದುಡಿಮೆಯನ್ನೂ ತೋರಿಸಬೇಕು. ಹಿಮದಲ್ಲಿ ದನಗಳಿಗೆ ಒಣಹುಲ್ಲು ಹರಡುವವರು, ಕಾಲುವೆಯ ನೀರನ್ನು ಗದ್ದೆಗೆ ತಿರುಗಿಸುವವರು, ಕರುಗಳಿಗೆ ಮುದ್ರೆ ಒತ್ತುವ ದಿನ ಕೂಡುವ ನೆರೆಹೊರೆಯವರು ಶಿಖರದಷ್ಟೇ ಮುಖ್ಯರು. ಕೊಲರಾಡೊದ ಛಾಯಾಗ್ರಾಹಕ ಜಾನ್ ಫೀಲ್ಡರ್ (1950–2023) ಈ ದಾರಿಯಲ್ಲಿ ನಡೆದವರು. ಲಾಟರಿಯ ಆದಾಯವನ್ನು ನೆಲದ ಸಂರಕ್ಷಣೆಗೆ ಮೀಸಲಿಡುವ ಪ್ರಸ್ತಾವ 1992ರಲ್ಲಿ ಜನಮತಕ್ಕೆ ಬಂದಾಗ ಅವರು ಅದರ ಪರವಾಗಿ ಪ್ರಚಾರ ಮಾಡಿದರು. ಹಾಗೆ ಹುಟ್ಟಿದ ‘ಗ್ರೇಟ್ ಔಟ್‌ಡೋರ್ಸ್ ಕೊಲರಾಡೊ’ ನಿಧಿಯ ಹಣ ಅನೇಕ ರ‍್ಯಾಂಚ್‌ಗಳ ಕರಾರಿಗೆ ಸಂದಿದೆ. ಕಾಡು, ಶಿಖರಗಳ ಚಿತ್ರಗಳಿಂದ ಹೆಸರಾದ ಫೀಲ್ಡರ್ 2009ರಲ್ಲಿ ‘ರ‍್ಯಾಂಚಸ್ ಆಫ್ ಕೊಲರಾಡೊ’ ಪುಸ್ತಕದಲ್ಲಿ ರ‍್ಯಾಂಚ್‌ಗಳನ್ನೇ ವಸ್ತುವಾಗಿಸಿಕೊಂಡರು. ಸಾಯುವ ಮೊದಲು ತಮ್ಮ ಐದು ಸಾವಿರಕ್ಕೂ ಹೆಚ್ಚು ಚಿತ್ರಗಳನ್ನು ರಾಜ್ಯದ ಜನರ ಬಳಕೆಗೆಂದು ಹಿಸ್ಟರಿ ಕೊಲರಾಡೊ ಸಂಸ್ಥೆಗೆ ಕೊಟ್ಟರು.

ಕ್ಯಾಮೆರಾ ನೆಲದವರ ಕೈಯಲ್ಲೇ ಇದ್ದರೆ ಏನಾಗಬಹುದು ಎಂಬುದಕ್ಕೆ ಅರಿಜೋನಾ–ನ್ಯೂ ಮೆಕ್ಸಿಕೊ ಗಡಿಯ ಉದಾಹರಣೆಯಿದೆ. ಅಲ್ಲಿನ ರ‍್ಯಾಂಚ್ ಕುಟುಂಬಗಳು 1994ರಲ್ಲಿ ಮಾಲ್ಪಾಯ್ ಬಾರ್ಡರ್‌ಲ್ಯಾಂಡ್ಸ್ ಗ್ರೂಪ್ ಕಟ್ಟಿ, ಸುಮಾರು 8 ಲಕ್ಷ ಎಕರೆ ಪ್ರದೇಶವನ್ನು ಒಡೆಯದೆ ಉಳಿಸಿಕೊಳ್ಳಲು ಹೊರಟವು. ಈ ಗುಂಪಿನ ವಾರ್ನರ್ ಗ್ಲೆನ್ 1996ರ ಮಾರ್ಚಿನಲ್ಲಿ ಪೆಲೊನ್ಸಿಯೊ ಬೆಟ್ಟಗಳಲ್ಲಿ ಬೇಟೆನಾಯಿಗಳೊಂದಿಗೆ ಹೋದಾಗ ಜಾಗ್ವಾರ್ ಎದುರಾಯಿತು. ಅವರು ಅದನ್ನು ಕೊಲ್ಲದೆ ಅದರ ಚಿತ್ರ ತೆಗೆದರು. ಅಳಿವಿನಂಚಿನ ಪ್ರಾಣಿ ಕಂಡಿತೆಂದರೆ ಸರ್ಕಾರದ ನಿರ್ಬಂಧ ಬೀಳಬಹುದೆಂಬ ಭಯ ದನ ಸಾಕುವವರಲ್ಲಿತ್ತು. ಆದರೂ ಗುಂಪು ಚಿತ್ರಗಳನ್ನು ಬಚ್ಚಿಡಲಿಲ್ಲ. ದನ ಮೇಯುವ ನೆಲದ ಸುತ್ತಲಿನ ಬೆಟ್ಟದಲ್ಲಿ ಜಾಗ್ವಾರ್ ಓಡಾಡುತ್ತದೆ ಎಂಬುದಕ್ಕೆ ಅವು ಅಲ್ಲಗಳೆಯಲಾಗದ ಸಾಕ್ಷಿಯಾದವು.

ಚಿತ್ರಕ್ಕೆ ಕಾನೂನಿನ ಪಾತ್ರವೂ ಇದೆ. ಕರಾರು ಆಗುವ ಹೊತ್ತಿಗೆ ಜಮೀನು ಯಾವ ಸ್ಥಿತಿಯಲ್ಲಿತ್ತು ಎಂಬ ದಾಖಲೆಯನ್ನು ನಕ್ಷೆ, ಛಾಯಾಚಿತ್ರಗಳ ಸಮೇತ ಸಿದ್ಧಪಡಿಸಲಾಗುತ್ತದೆ. ತೆರಿಗೆ ವಿನಾಯಿತಿಯ ನಿಯಮಗಳೂ ಇಂಥ ದಾಖಲೆಯನ್ನು ಕೇಳುತ್ತವೆ. ಆ ಬಳಿಕ ಟ್ರಸ್ಟಿನವರು ವರ್ಷವರ್ಷವೂ ಬಂದು ಅದೇ ಜಾಗಗಳಲ್ಲಿ ನಿಂತು ಹೊಸ ಚಿತ್ರ ತೆಗೆದು ಹೋಲಿಸಬಹುದು. ಈ ವಿಧಾನ ವಿಜ್ಞಾನಕ್ಕೂ ಹೊಸತಲ್ಲ. ಸಂಶೋಧಕರಾದ ಹೇಸ್ಟಿಂಗ್ಸ್ ಮತ್ತು ಟರ್ನರ್ 1965ರ ‘ದ ಚೇಂಜಿಂಗ್ ಮೈಲ್’ ಪುಸ್ತಕದಲ್ಲಿ ಹಳೆಯ ಚಿತ್ರಗಳ ಜಾಗಗಳಿಗೇ ಮರಳಿ, ಅರಿಜೋನಾ ಭಾಗದ ಹುಲ್ಲುನೆಲಕ್ಕೆ ಮೆಸ್ಕೀಟ್ ಮರಗಳು ನುಗ್ಗಿದ್ದನ್ನು ತೋರಿಸಿದರು. ಅತಿಯಾಗಿ ಮೇಯಿಸುವುದು, ಬರ, ಕಳೆ ಇವುಗಳ ಪರಿಣಾಮವನ್ನು ಒಂದೇ ಜಾಗದ ಹಲವು ವರ್ಷಗಳ ಚಿತ್ರಗಳು ಹೇಳುವಂತೆ ಒಂದು ಸುಂದರ ಚಿತ್ರ ಹೇಳಲಾರದು.

ಸುಂದರ ಚಿತ್ರಕ್ಕೆ ಅಪಾಯವೂ ಅಂಟಿಕೊಂಡಿದೆ. ಹೊನ್ನಿನ ಬಣ್ಣಕ್ಕೆ ತಿರುಗಿದ ಬೆಟ್ಟದ ಇಳಿಜಾರು ಸ್ಥಳೀಯ ಹುಲ್ಲನ್ನು ಹೊರದೂಡುತ್ತಿರುವ ಚೀಟ್‌ಗ್ರಾಸ್ ಕಳೆಯದ್ದಾಗಿರಬಹುದು. ಸಂರಕ್ಷಣೆಗೆಂದು ತೆಗೆದ ಕಣಿವೆಯ ನೋಟ ಅಲ್ಲೇ ಮನೆ ಕಟ್ಟುವ ಆಸೆಯನ್ನು ಹುಟ್ಟಿಸಬಹುದು. ಆದ್ದರಿಂದ ಚಿತ್ರದ ಜೊತೆಗೆ ಆ ನೆಲ ಯಾರದು, ಅಲ್ಲಿ ಏನು ನಡೆಯುತ್ತದೆ, ಅದು ಯಾವ ಕರಾರಿನಲ್ಲಿದೆ ಎಂಬ ವಿವರವೂ ಇರಬೇಕು. ನೆಲವನ್ನು ಕಾಯುವುದು ಕರಾರು ಮತ್ತು ಅದರ ಮೇಲೆ ಬದುಕುವ ಕಸುಬು. ಆ ಕರಾರಿಗೆ ಜನರ ಒಪ್ಪಿಗೆ ತರುವುದು, ಅದು ನಡೆಯುತ್ತಿದೆಯೇ ಎಂದು ವರ್ಷವರ್ಷವೂ ಕಂಡು ದಾಖಲಿಸುವುದು ಛಾಯಾಗ್ರಹಣದಿಂದ ಆಗುವ ಕೆಲಸ. ಅದು ಚಿಕ್ಕ ಕೆಲಸವೇನಲ್ಲ.