ಮಾಳಿಗೆಯ ಹಲಗೆಗೆ ಜೋಡಿ ಹುಡುಕುವಾಗ

ಮಳೆಗಾಲ ಕಳೆದ ಮೇಲೆ ಮಾಳಿಗೆ ಗುಡಿಸುವಾಗ ಒಂದು ಹಲಗೆ ಕಾಲಡಿಯಲ್ಲಿ ಮೆತ್ತಗಾದಂತೆ ನಿಮಗೆ ಅನಿಸಿದೆಯೇ? ಹಾಗಿದ್ದರೆ ಅದರ ಮೇಲೆ ಚಾಪೆ ಹಾಸಿ ಸುಮ್ಮನಾಗಬೇಡಿ. ಚಾಪೆ ಕಂಡಲ್ಲೇ ಮಕ್ಕಳು ಕುಣಿಯುವುದು.

ಕರಾವಳಿಯ ಹಳೆಯ ಹೆಂಚಿನ ಮನೆಗಳಲ್ಲಿ ಇದು ಹೊಸ ಕತೆಯಲ್ಲ. ಹಲಗೆ ಹೋಯಿತೆಂದು ಹೇಳಿದೊಡನೆ ಮನೆಯ ಗಂಡಸರು "ಎಲ್ಲ ಕಿತ್ತು ಸ್ಲ್ಯಾಬ್ ಹಾಕಿಸೋಣ" ಎನ್ನುತ್ತಾರೆ. ಮಣ್ಣಿನ ಗಾರೆಯಲ್ಲಿ ಕಟ್ಟಿದ ಕೆಂಪುಕಲ್ಲಿನ ಗೋಡೆಯನ್ನು ಕಾಂಕ್ರೀಟಿನ ಭಾರಕ್ಕೆಂದು ಕಟ್ಟಿರುವುದಿಲ್ಲ ಎಂಬುದು ಆಗ ಯಾರ ನೆನಪಿಗೂ ಬರುವುದಿಲ್ಲ. ಬಡಗಿಯೋ, ಪ್ಲೈವುಡ್ ತುಂಡು ಹೊಡೆದು ಕೈತೊಳೆದುಕೊಳ್ಳಲು ನೋಡುತ್ತಾನೆ. ಹಳೆಯ ಹಲಗೆ ಒಂದಿಂಚು ದಪ್ಪವಿದ್ದರೆ ಸಾಮಾನ್ಯವಾಗಿ ಸಿಗುವ ಪ್ಲೈವುಡ್ ಮುಕ್ಕಾಲು ಇಂಚು. ಆ ಕಾಲಿಂಚಿನ ತಗ್ಗಿಗೆ ರಾತ್ರಿ ಎದ್ದು ನಡೆಯುವ ಅಜ್ಜಿಯ ಬೆರಳು ತಾಗಿದರೆ ಸಾಕು, ಮುಗ್ಗರಿಸುತ್ತಾರೆ.

ಮೊದಲು ಹಲಗೆಯ ನೇರಕ್ಕೆ ಮೇಲೆ ನೋಡಿ. ಹೆಂಚು ಸೋರುತ್ತಿದ್ದರೆ ಅದನ್ನು ಸರಿಪಡಿಸದೆ ಮರಕ್ಕೆ ಹಣ ಸುರಿಯಬೇಡಿ. ಹೆಂಚಿನದು ಸುಲಭ. ಬಾಸೆಲ್ ಮಿಷನಿನವರು 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ತೆರೆದಂದಿನಿಂದ ಅದು ಅಚ್ಚಿನಲ್ಲಿ ಒತ್ತಿ ತೆಗೆಯುವ ವಸ್ತು, ಜೋಡಿ ಸಿಗುತ್ತದೆ. ಮರಕ್ಕೆ ಅಚ್ಚಿಲ್ಲ.

ನಿಮ್ಮ ಹಲಗೆ ಯಾವ ಮರದ್ದು? ಮೇಲಿನ ಬಣ್ಣ ನೋಡಿ ಹೇಳಲಾಗದು, ಎಣ್ಣೆ, ಹೊಗೆ, ಕಾಲಿನ ಸವೆತ ಎಲ್ಲವನ್ನೂ ಒಂದೇ ಕಪ್ಪು ಮಾಡಿರುತ್ತದೆ. ಅಡಿಭಾಗದಲ್ಲಿ ಉಳಿಯಿಂದ ಸ್ವಲ್ಪ ಕೆತ್ತಿಸಿ. ಸಾಗುವಾನಿಯಾದರೆ ಚರ್ಮದಂತಹ ವಾಸನೆ, ಮುಟ್ಟಿದರೆ ಜಿಡ್ಡು. ಹಲಸಾದರೆ ಒಳಗೆ ಹಳದಿ. ಹೊನ್ನೆಯೆಂಬ ಅನುಮಾನವಿದ್ದರೆ ಆ ಚಕ್ಕೆಯನ್ನು ಗಾಜಿನ ಲೋಟದ ನೀರಿಗೆ ಹಾಕಿಡಿ, ಸ್ವಲ್ಪ ಹೊತ್ತಿನಲ್ಲಿ ಬೆಳಕಿಗೆ ಹಿಡಿದರೆ ನೀರು ನೀಲಿ ಹೊಳೆಯುತ್ತದೆ. (ಸಕ್ಕರೆ ಕಾಯಿಲೆಯವರಿಗೆಂದು ಮಾರುವ ಲೋಟ ಇದೇ ಮರದ್ದು. ಅದನ್ನು ನಂಬಿ ಮಾತ್ರೆ ಬಿಡಬೇಡಿ.) ಕಿರಾಲುಬೋಗಿ, ಮತ್ತಿ, ಹೆಬ್ಬಲಸುಗಳನ್ನು ಹಳೆಯ ಬಡಗಿಯೇ ಹೇಳಬೇಕು.

ಇನ್ನು ಹುಡುಕುವುದು. ಮರದ ಅಂಗಡಿಗೆ ಓಡುವ ಮೊದಲು ನಿಮ್ಮ ಮನೆಯಲ್ಲೇ ಹುಡುಕಿ. ಕಪಾಟಿನ ಹಿಂದೆ, ಮಂಚದ ಅಡಿ, ಯಾರೂ ಹೋಗದ ಮೂಲೆಯಲ್ಲಿ ಅದೇ ಮರದ, ಅದೇ ವಯಸ್ಸಿನ, ಅದೇ ದಪ್ಪದ ಹಲಗೆ ಇರುತ್ತದೆ. ಅದನ್ನು ಕಿತ್ತು ನಡೆದಾಡುವ ಜಾಗಕ್ಕೆ ಹಾಕಿಸಿ, ಹೊಸದನ್ನು ಮಂಚದ ಅಡಿಗೆ ಹಾಕಿಸಿ. ಇದಕ್ಕಿಂತ ಒಳ್ಳೆಯ ಜೋಡಿ ಯಾವ ಡಿಪೋದಲ್ಲೂ ಸಿಗದು. ಯಾವ ಹಲಗೆ ಎಲ್ಲಿದೆ, ಯಾವುದು ಕಿರುಗುಟ್ಟುತ್ತದೆ ಎಂದು ದಿನಾ ಗುಡಿಸುವ ನಿಮಗೇ ಗೊತ್ತು, ಬಡಗಿಗಲ್ಲ.

ಹಾಗೆ ಸಿಗದಿದ್ದರೆ, ಕೆಡವಿದ ಮನೆಗಳ ಸಾಮಾನು ಮಾರುವವರಲ್ಲಿಗೆ ಹೋಗಿ. ಕೆತ್ತಿದ ತುಂಡು, ಅಳತೆಯ ಪಟ್ಟಿ, ಒಂದು ಆಯಸ್ಕಾಂತ ಜೊತೆಗಿರಲಿ. ಒಳಗೆ ಉಳಿದ ಮೊಳೆಯನ್ನು ಆಯಸ್ಕಾಂತ ತೋರಿಸುತ್ತದೆ, ಬಡಗಿಯ ಉಳಿ ಉಳಿಯುತ್ತದೆ. ಬೆರಳ ಗೆಣ್ಣಿನಿಂದ ತಟ್ಟಿ, ಟೊಳ್ಳು ಸದ್ದು ಬಂದರೆ ಗೆದ್ದಲು ಒಳಗೆ ಊಟ ಮುಗಿಸಿದೆ ಎಂದರ್ಥ. ನಿಮ್ಮದಕ್ಕಿಂತ ದಪ್ಪವಿದ್ದರೆ ತೊಂದರೆಯಿಲ್ಲ, ಕೀಸಬಹುದು. ತೆಳುವನ್ನು ದಪ್ಪ ಮಾಡಲಾಗದು.

ಬೆಲೆ ಘನ ಅಡಿಯ ಲೆಕ್ಕದಲ್ಲಿರುತ್ತದೆ. 8 ಅಡಿ ಉದ್ದ, 9 ಇಂಚು ಅಗಲ, 1 ಇಂಚು ದಪ್ಪದ ಹಲಗೆಯೆಂದರೆ ಅರ್ಧ ಘನ ಅಡಿ. ಮನೆಯಲ್ಲೇ ಲೆಕ್ಕ ಹಾಕಿ ಹೋದರೆ ಅಂಗಡಿಯಲ್ಲಿ ತಬ್ಬಿಬ್ಬಾಗಬೇಕಿಲ್ಲ. ಸಾಗುವಾನಿ, ಬೀಟೆಯಂತಹ ಮರ ಸಾಗಿಸುವಾಗ ಅರಣ್ಯ ಇಲಾಖೆಯವರು ಕೇಳಬಹುದು, ಹಳೆಯದಾದರೂ ಬಿಲ್ಲು ಪಡೆಯಿರಿ.

ತಂದ ದಿನವೇ ಮೊಳೆ ಹೊಡೆಸಬೇಡಿ. ಆ ಹಲಗೆ ಅದೇ ಕೋಣೆಯಲ್ಲಿ, ಅಡಿಗೆ ರೀಪು ಕೊಟ್ಟು, ಮೂರು ನಾಲ್ಕು ವಾರ ಮಲಗಿರಲಿ. ಮಳೆಗಾಲದಲ್ಲಿ ತಂದು ಕೂಡಲೇ ಕೂರಿಸಿದ ಹಲಗೆ ಬೇಸಿಗೆಗೆ ಕುಗ್ಗಿ ಬಿರುಕು ಬಿಡುತ್ತದೆ, ಕೆಳಗಿನ ಕೋಣೆಯಲ್ಲಿ ಊಟಕ್ಕೆ ಕುಳಿತವರ ತಟ್ಟೆಗೆ ಮೇಲಿನ ಧೂಳು ಬೀಳುತ್ತದೆ. ಬಣ್ಣ ಬೇರೆಯಾಗಿ ಕಂಡಿತೆಂದು ಪಾಲಿಷ್ ಹಚ್ಚಿಸಲು ಅವಸರಿಸುವುದೂ ಬೇಡ. ಹೊಸದಾಗಿ ಕೀಸಿದ ಹಲಸಿನ ಹಳದಿ ಬೆಳಕು ತಾಗುತ್ತಾ ತಾನಾಗಿಯೇ ಕಂದು ಬಣ್ಣಕ್ಕೆ ತಿರುಗುತ್ತದೆ. ಉಳಿದ ತುಂಡನ್ನು ಒಲೆಗೆ ಹಾಕದೆ ಅಟ್ಟದ ಮೇಲಿಡಿ, ಅದರ ಮೇಲೆ ಮರದ ಹೆಸರು ಬರೆದು.